ಕವಿಗಳ ಎರಡನೆಯ ಹೆಸರು

ಮನುಷ್ಯನಿಗೆ ಮೊದಲನೆಯ ಹೆಸರನ್ನು ಇಡುವವರು ಹಿರಿಯರು. ಶಿಶುವನ್ನು ತೊಟ್ಟಿಲಿನಲ್ಲಿ ಮಲಗಿಸಿ ಕಿವಿಯಲ್ಲಿ ಉಚ್ಚರಿಸುವ ಆ ಹೆಸರಿನ ವಿಷಯದಲ್ಲಿ ಹೆಸರನ್ನು ಹೊರತಕ್ಕವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಅದು ಅವನಿಗೆ ಒಪ್ಪುವುದೋ ಇಲ್ಲವೋ ಎಂಬುದು ಮುಂದೆ ಕಾಲವೇ ನಿರ್ಣಯಿಸತಕ್ಕ ಮಾತು. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಹುಟ್ಟಿದುದು ಇದರಿಂದಲೇ. ಶಾಸ್ತ್ರಜ್ಞರು ಶಬ್ದಗಳನ್ನು ರೂಢವೆಂದೂ ಯೌಗಿಕವೆಂದೂ ವಿಂಗಡಿಸುವರು. ಅವಯವಗಳ ಅರ್ಥವನ್ನು ಅಪೇಕ್ಷಿಸದೆ ಬಳಕೆಯ ಬಲದಿಂದಲೇ ಅರ್ಥವನ್ನು ಕೊಡುವುದು ರೂಢ. ಬಿಡಿಸಿ ನೋಡಿದರೆ ಅರ್ಥವು ತಾನಾಗಿ ಹೊರಡುವುದು ಯೌಗಿಕ. ಪಾಚಕನೆಂಬವನು ಅಡಿಗೆ ಮಾಡುವವನೇ ಆಗಿರಬೇಕು. ಕುಬೇರಪ್ಪನೆಂಬವನು ಧನಿಕನಾಗಿರಬೇಕೆಂಬ ನಿಯಮವಿಲ್ಲ. ಈ ದೃಷ್ಟಿಯಿಂದ ನೋಡಿದರೆ ತಾಯಿತಂದೆಗಳು ಇಟ್ಟ ಹೆಸರು ಬಹುಮಟ್ಟಿಗೆ ರೂಢ. ಆಮೇಲೆ ಬಂದು ಸೇರುವ ಎರಡನೆಯ ಹೆಸರು ಯೌಗಿಕ. ಅದನ್ನು ಬಿಡಿಸಿದರೆ ಒಳಗೆ ಒಂದು ಕಾರಣವು ಇದ್ದೇ ಇರುವುದು.

ಕವಿಗಳ ಬಿರುದು, ಅಂಕಿತ, ಕಾವ್ಯನಾಮ ಇವೆಲ್ಲವೂ ಇಂತಹ ಎರಡನೆಯ ಹೆಸರುಗಳೇ. ಕಾವ್ಯನಾಮವೆಂಬುದು ಒಂದು ಮುಸುಕು, ಬರೆದವನು ತನ್ನನ್ನು ಮರೆಮಾಡಿಕೊಳ್ಳುವುದಕ್ಕಾಗಿ ಅದನ್ನು ಹೊದೆಯುವನು ಎಂದು ಜನರು ಸಾಮಾನ್ಯವಾಗಿ ಭಾವಿಸುವರು. ನಮ್ಮ ಸಂಪ್ರದಾಯವನ್ನು ಮೊದಲಿನಿಂದ ಪರಿಶೀಲಿಸಿದರೆ ಈ ಭಾವನೆಯು ಅಲ್ಪಾಂಶದಲ್ಲಿ ಮಾತ್ರ ನಿಜವೆಂದು ತೋರುವುದು. ನಮ್ಮಲ್ಲಿ ಎರಡನೆಯ ಹೆಸರು ಬಹುಪಾಲು ಮುಸುಕಲ್ಲ, ಋಣಪತ್ರ. ತಾನು ಯಾರಿಗೆ ಋಣಿಯೆಂಬುದನ್ನು ಕವಿಯು ಆ ಹೆಸರಿನಲ್ಲಿಯೇ ಬರೆದಿಟ್ಟಿರುವನು. ಕೆಲವು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶ.

ಸಂಸ್ಕೃತದಲ್ಲಿ ಇಂತಹ ಹೆಸರನ್ನು ಎಷ್ಟೋ ವೇಳೆ ಕವಿಯು ತಾನೇ ಇಟ್ಟುಕೊಂಡಿಲ್ಲ. ಓದಿದ ರಸಿಕರು ಇಟ್ಟಿರುವರು. ರಘುವಂಶದ ಆರನೆಯ ಸರ್ಗದಲ್ಲಿ ಇಂದುಮತಿಯ ಸ್ವಯಂವರವು ಬರುವುದಷ್ಟೆ. ಮಾಲೆಯನ್ನು ಹಿಡಿದು ಅವಳು ಯಾವ ರಾಜನನ್ನು ದಾಟಿ ಹೋದಳೋ ಅವನ ಮುಖವು ಕಳೆಗುಂದಿತು. ರಾಜಮಾರ್ಗದಲ್ಲಿ ದೀಪವು ಮುಂದೆ ಸಾಗಿದಾಗ ಹಿಂದುಳಿದ ಉಪ್ಪರಿಗೆಯು ಕತ್ತಲಾಗುವಂತೆ ಆಯಿತು ಎಂದು ಕವಿಯು ವರ್ಣಿಸಿದನು. ಈ ಒಂದು ಉಪಮೆಗಾಗಿ ಸಹೃದಯರು ಅವನನ್ನು ದೀಪಶಿಖಾ ಕಾಳಿದಾಸನೆಂದು ಕರೆದರು. ಕಿರಾತಾರ್ಜುನೀಯದಲ್ಲಿ ಗಾಳಿಯು ಎಬ್ಬಿಸಿದ ತಾವರೆಯ ಪರಾಗವು ಆಕಾಶದಲ್ಲಿ ಚಿನ್ನದ ಕೊಡೆಯಂತೆ ಮಂಡಲಾಕಾರವಾಗಿ ನಿಂತಿತೆಂದು ಹೇಳಿದ ಭಾರವಿಯು ಆತಪತ್ರ ಭಾರವಿಯಾದನು. ಶಿಶುಪಾಲವಧದಲ್ಲಿ ಒಂದು ಕಡೆ ಸೂರ್ಯನು ಉದಯಿಸುತ್ತಲೂ ಇನ್ನೊಂದು ಕಡೆ ಚಂದ್ರನು ಅಸ್ತಮಿಸುತ್ತಲೂ ಇರುವಾಗ ರೈವತಕ ಪರ್ವತವು ಎರಡು ಪಕ್ಕಗಳಲ್ಲಿಯೂ ಘಂಟೆಗಳು ತೂಗುವ ಆನೆಯಂತೆ ಕಂಡಿತೆಂದು ಬಣ್ಣಿಸಿದ ಮಾಘನು ಘಂಟಾಮಾಘನಾದನು. ಭವಭೂತಿಯ ನಿಜನಾಮವು ಶ್ರೀಕಂಠನೆಂದೂ, ತನ್ನ ಒಂದು ಶ್ಲೋಕದಲ್ಲಿ ಪ್ರಯೋಗಿಸಿದ ಮಾತಿನಿಂದಲೇ ಅವನಿಗೆ ಭವಭೂತಿಯೆಂಬ ಹೆಸರು ನಿಂತಿತೆಂದೂ ವ್ಯಾಖ್ಯಾನಕಾರರು ಹೇಳುವರು. ಇಷ್ಟು ಕಾವ್ಯರಾಶಿಯಲ್ಲಿ ಒಂದೇ ಶ್ಲೋಕವನ್ನು ಆರಿಸಿ ಅದನ್ನು ಕವಿಯ ಹೆಸರಿಗೆ ಕಟ್ಟಿದ ಓದುಗರ ಅಭಿಮಾನವು ಎಂತಹುದು! ಇಲ್ಲಿ ಋಣವು ಓದುಗನಿಗೂ ಕವಿಗೂ ನಡುವಣದು.

ಕನ್ನಡಕ್ಕೆ ಬಂದರೆ ಮೊದಲು ಕಾಣುವುದು ಆಸ್ಥಾನದ ಋಣ. ಆದಿಕವಿ ಪಂಪನಿಗೆ ಕವಿತಾಗುಣಾರ್ಣವನೆಂಬ ಹೆಸರುಂಟು. ಕ್ರಿ. ಶ. ೯೪೧ರಲ್ಲಿ ಅವನು ರಚಿಸಿದ ವಿಕ್ರಮಾರ್ಜುನವಿಜಯದ ನಾಯಕನು ಅರ್ಜುನನಾದರೂ, ಆ ಅರ್ಜುನನೊಡನೆ ಕವಿಯು ಅಭೇದವನ್ನು ಕಲ್ಪಿಸಿರುವುದು ತನ್ನ ಒಡೆಯನಾದ ಚಾಲುಕ್ಯ ಅರಿಕೇಸರಿಗೆ. ಅರಿಕೇಸರಿಯ ಬಿರುದುಗಳಲ್ಲಿ ಗುಣಾರ್ಣವನೆಂಬುದು ಒಂದು. ದೊರೆಯು ಗುಣಾರ್ಣವ, ಕವಿಯು ಕವಿತಾಗುಣಾರ್ಣವ! ಒಡೆಯನ ಹೆಸರಿಗೆ ಒಂದೇ ಪದವನ್ನು ಸೇರಿಸಿ ಕವಿಯು ತನ್ನ ಹೆಸರನ್ನು ಮಾಡಿಕೊಂಡಿರುವುದರಲ್ಲಿ ವಿನಯವೂ ಇದೆ, ಸಮಾನತೆಯ ಅಭಿಮಾನವೂ ಇದೆ. ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಬಂದಿತು. ಬಳೆಗಾರರ ಕುಲದಲ್ಲಿ ಹುಟ್ಟಿದ ಮುದುವೊಳಲಿನ ರನ್ನನೂ, ೧೨೦೯ರಲ್ಲಿ ಯಶೋಧರಚರಿತೆಯನ್ನು ಬರೆದ ಜನ್ನನೂ ಹೀಗೆಯೇ ಕವಿಚಕ್ರವರ್ತಿಗಳೆನಿಸಿದರು.

ಹಿಂದಿನ ಕವಿಗೆ ಸಲ್ಲಿಸುವ ಋಣವು ಇನ್ನೊಂದು ಬಗೆ. ನಾಗಚಂದ್ರನು ಅಭಿನವಪಂಪನೆಂದು ಕರೆಯಿಸಿಕೊಂಡನು. ಇದರಿಂದ ಆದ ಪರಿಣಾಮವು ವಿಚಾರಾರ್ಹವಾದುದು. ಅವನ ರಾಮಚಂದ್ರಚರಿತಪುರಾಣವನ್ನು ಲೋಕವು ಪಂಪರಾಮಾಯಣವೆಂದೇ ಕರೆಯತೊಡಗಿತು. ಭಾರತವನ್ನು ಬರೆದ ಪಂಪನೇ ರಾಮಾಯಣವನ್ನೂ ಬರೆದನೆಂದು ಎಷ್ಟೋ ಮನೆಗಳಲ್ಲಿ ಬಾಲಕರು ತಿಳಿದಿರುವರು. ಸಾಲವನ್ನು ಒಪ್ಪಿಕೊಂಡವನ ಹೆಸರೇ ಸಾಲ ಕೊಟ್ಟವನ ಹೆಸರಿನಲ್ಲಿ ಕರಗಿಹೋದಂತಾಯಿತು! ಗದುಗಿನ ನಾರಣಪ್ಪನ ಭಾಗ್ಯವು ಬೇರೆ ತೆರನಾಯಿತು. ಅವನು ವ್ಯಾಸನಾಗಲಿಲ್ಲ, ವ್ಯಾಸನ ಮಗನಾದನು. ಕುಮಾರವ್ಯಾಸನೆಂಬ ಹೆಸರಿನಲ್ಲಿ ತಂದೆಯ ಹೆಸರೂ ಮಗನ ಸ್ಥಾನವೂ ಎರಡೂ ಉಳಿದುವು. ತೊರವೆಯ ನರಹರಿಯು ಅದೇ ಮಾರ್ಗದಲ್ಲಿ ಕುಮಾರವಾಲ್ಮೀಕಿಯಾದನು. ಇತ್ತೀಚಿನವರಲ್ಲಿ ಪಂಜೆ ಮಂಗೇಶರಾಯರು (೧೮೭೪–೧೯೩೭) ತಮ್ಮನ್ನು ಕವಿಶಿಷ್ಯನೆಂದು ಕರೆದುಕೊಂಡರು. ಮಕ್ಕಳ ಬಾಯಲ್ಲಿ ನಲಿಯುವ ಪದ್ಯಗಳನ್ನು ಕೊಟ್ಟ ಆ ಮಹನೀಯರು ಉಪಾಧ್ಯಾಯವೃತ್ತಿಯಲ್ಲಿ ಜೀವಮಾನವನ್ನು ಕಳೆದವರು. ಅಷ್ಟು ಜನಕ್ಕೆ ಗುರುವಾದವರು ಕಾವ್ಯದ ಮುಂದೆ ಶಿಷ್ಯರಾಗಿಯೇ ನಿಂತರು.

ಹನ್ನೆರಡನೆಯ ಶತಮಾನದ ಶಿವಶರಣರು ಅರಸನ ಋಣವನ್ನು ತೊರೆದು ದೇವರ ಋಣವನ್ನು ಹಿಡಿದರು. ಬಸವಣ್ಣನವರ ವಚನಗಳ ಕೊನೆಯಲ್ಲಿ ಬರುವ ಕೂಡಲಸಂಗಮದೇವನು ಕೃಷ್ಣಾ ಮಲಪ್ರಭೆಗಳು ಕೂಡುವ ಕ್ಷೇತ್ರದ ದೇವನು, ಅಕ್ಕಮಹಾದೇವಿಯ ಅಂಕಿತವು ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿನದು ಗುಹೇಶ್ವರ, ದೇವರ ದಾಸಿಮಯ್ಯನದು ರಾಮನಾಥ. ಇಲ್ಲಿ ಬರೆದವರ ಸ್ವಂತ ಹೆಸರೇ ಇಲ್ಲ. ವಚನವನ್ನು ಆಡಿದವನು ತಾನು, ಸಹಿಯು ದೇವರದು. ಆದರೂ ಯಾರು ಯಾರ ವಚನವೆಂಬುದು ಎಂಟು ನೂರು ವರ್ಷಗಳ ಮೇಲೆಯೂ ತಿಳಿಯುವುದು ಆ ಸಹಿಯಿಂದಲೇ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆಗಳನ್ನು ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅಂತಹ ರಾಶಿಯಲ್ಲಿ ಇದು ಇಂಥವರದೆಂದು ಗುರುತಿಸುವುದಕ್ಕೆ ಅಂಕಿತವೇ ಮೊದಲನೆಯ ಆಧಾರ. ತನ್ನನ್ನು ಅಳಿಸಿಕೊಳ್ಳುವುದಕ್ಕಾಗಿ ಇಟ್ಟ ಗುರುತೇ ತನ್ನನ್ನು ಉಳಿಸಿದುದು ಎಂತಹ ಸೋಜಿಗ!

ಶರಣರ ಅಂಕಿತಗಳಲ್ಲಿ ಎರಡು ವಿಶೇಷಗಳನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಅಂಬಿಗರ ಚೌಡಯ್ಯನು ಯಾವ ದೇವರ ಹೆಸರನ್ನೂ ಇಡದೆ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟನು. ದೋಣಿಯನ್ನು ನಡೆಸುವ ಕಾಯಕವು ಹೀಗೆ ವಚನದ ಕೊನೆಯಲ್ಲಿ ದೇವರ ಸ್ಥಾನದಲ್ಲಿ ನಿಂತಿತು. ಇನ್ನೊಂದು, ಆಯ್ದಕ್ಕಿ ಲಕ್ಕಮ್ಮನ ಅಂಕಿತ. ಅವಳ ಗಂಡನಾದ ಮಾರಯ್ಯನ ಅಂಕಿತವು ಅಮರೇಶ್ವರಲಿಂಗ. ಅವಳದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರನ್ನು ಮುಂದಿಟ್ಟಿದ್ದರಿಂದ ಅವಳ ಧ್ವನಿಯು ಕುಗ್ಗಿತೆಂದು ಯಾರೂ ಎಣಿಸಬೇಕಾಗಿಲ್ಲ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನಾದ ಆ ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಆಸೆಯು ತಕ್ಕದ್ದಲ್ಲವೆಂದು ಅವನಿಗೆ ಬುದ್ಧಿ ಹೇಳಿದವಳೂ ಅವಳೇ.

ಹರಿದಾಸರಲ್ಲಿ ಅಂಕಿತವು ಗುರುವಿನಿಂದ ಬರತಕ್ಕ ದಾನ. ಶ್ರೀನಿವಾಸನಾಯಕನೆಂಬ ಧನಿಕನು ಸರ್ವಸ್ವವನ್ನೂ ತೊರೆದು ವ್ಯಾಸರಾಯರಲ್ಲಿಗೆ ಬಂದು ಪುರಂದರವಿಠಲನೆಂಬ ಅಂಕಿತವನ್ನು ಪಡೆದನೆಂದು ಸಂಪ್ರದಾಯವು ಹೇಳುವುದು. ಹರಿಕಥಾಮೃತಸಾರವನ್ನು ರಚಿಸಿದ ಮಾನವಿಯ ಶ್ರೀನಿವಾಸಾಚಾರ್ಯರು ಜಗನ್ನಾಥವಿಠಲನೆಂಬ ಅಂಕಿತದಿಂದ ಜಗನ್ನಾಥದಾಸರಾದರು. ಕನಕದಾಸರ ಅಂಕಿತದಲ್ಲಿ ದೇವರೊಡನೆ ಊರೂ ಸೇರಿದೆ: ಕಾಗಿನೆಲೆಯಾದಿಕೇಶವ. ಹದಿನೆಂಟನೆಯ ಶತಮಾನದ ಗಿರಿಯಮ್ಮನವರು ಹೆಳವನಕಟ್ಟೆಯ ರಂಗನಾಥನ ಹೆಸರಿನಲ್ಲಿ ಹಾಡಿದರು. ಆಕೆಯ ಜನ್ಮಭೂಮಿಯು ರಾಣೆಬೆನ್ನೂರಾದರೂ ಜನರು ಆಕೆಯನ್ನು ಹೆಳವನಕಟ್ಟೆ ಗಿರಿಯಮ್ಮನೆಂದೇ ಕರೆದರು. ದೇವರಿಗೆ ಕೊಟ್ಟ ಹೆಸರು ದೇವರಿಂದ ಮರಳಿ ಆಕೆಗೆ ಬಂದಿತು.

ಇಪ್ಪತ್ತನೆಯ ಶತಮಾನದ ನವೋದಯಕಾಲದಲ್ಲಿ ಕಾವ್ಯನಾಮಗಳ ಸುಗ್ಗಿಯೇ ಬಂದಿತು. ಆಗ ಗುರುವೂ ಅರಸನೂ ಹೆಸರನ್ನು ಕೊಡುವ ಕಾಲವು ಕಳೆದಿತ್ತು. ಬರೆಯುವವನು ತಾನೇ ಆರಿಸಿಕೊಳ್ಳಬೇಕಾಗಿತ್ತು. ಆರಿಸಿಕೊಳ್ಳುವ ಸ್ವಾತಂತ್ರ್ಯವು ಬಂದಾಗ ನಮ್ಮ ಹಿರಿಯರು ಏನನ್ನು ಆರಿಸಿಕೊಂಡರೆಂಬುದೇ ಕುತೂಹಲದ ವಿಷಯ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು (೧೮೯೧–೧೯೮೬) ಶ್ರೀನಿವಾಸರಾದರು. ತಿರುಪತಿಯ ದೇವರಿಗೆ ವೆಂಕಟೇಶನೆಂದೂ ಶ್ರೀನಿವಾಸನೆಂದೂ ಹೆಸರುಗಳಿರುವುದರಿಂದ, ಹಿರಿಯರು ಇಟ್ಟ ಹೆಸರನ್ನು ಪರ್ಯಾಯಪದದಿಂದ ಹೇಳಿದರಷ್ಟೇ ಹೊರತು ಅದನ್ನು ಬಿಟ್ಟುಕೊಡಲಿಲ್ಲ. ಕೆ. ವಿ. ಪುಟ್ಟಪ್ಪನವರು (೧೯೦೪–೧೯೯೪) ಮೊದಮೊದಲು ಕಿಶೋರಚಂದ್ರವಾಣಿಯೆಂಬ ಲಲಿತವಾದ ಸಂಸ್ಕೃತನಾಮವನ್ನು ಇಟ್ಟುಕೊಂಡಿದ್ದರು. ಅದನ್ನು ತ್ಯಜಿಸಿ ಅವರು ಹಿಡಿದ ಹೆಸರು ಕೇವಲ ಮೂರು ಅಕ್ಷರಗಳದು: ಕುವೆಂಪು. ಕುಪ್ಪಳಿಯು ಮನೆ, ವೆಂಕಟಪ್ಪನು ತಂದೆ, ಪುಟ್ಟಪ್ಪನು ತಾನು. ಮಲೆನಾಡಿನ ಆ ಮನೆಯು ಹೆಸರಿನ ತಲೆಯಲ್ಲಿ ಕುಳಿತಿದೆ. ಕವಿಯು ಕೊನೆಗೆ ನಿಂತಿರುವನು. ಚಂದ್ರನಿಂದ ಬಂದ ಹೆಸರು ಅಳಿಯಿತು. ಕುಪ್ಪಳಿಯಿಂದ ಬಂದ ಹೆಸರು ಉಳಿಯಿತು.

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು (೧೮೯೬–೧೯೮೧) ಬೇರೆ ದಾರಿಯನ್ನು ತುಳಿದರು. ನಮ್ಮ ಕಡೆಯ ವಾಡಿಕೆಯಲ್ಲಿ ಹೆಸರಿನ ನಡುವೆ ಬರುವುದು ತಂದೆಯ ಹೆಸರು. ಬೇಂದ್ರೆಯವರು ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದವರು. ತಾಯಿಯ ಹೆಸರು ಅಂಬಿಕೆ. ಅಂಬಿಕೆಯ ತನಯನಾದ ದತ್ತನು ಅಂಬಿಕಾತನಯದತ್ತನಾದನು. ಇದು ಹೊಸ ಪದ್ಧತಿಯೆಂದು ಎಣಿಸುವವರು ಛಾಂದೋಗ್ಯವನ್ನು ನೆನೆಯಬೇಕು. ಗುರುವಾದ ಹಾರಿದ್ರುಮತ ಗೌತಮನು ಗೋತ್ರವನ್ನು ಕೇಳಿದಾಗ, ತಂದೆಯನ್ನು ಅರಿಯದ ಬಾಲಕನು ತಾಯಿಯಾದ ಜಬಾಲೆಯು ಹೇಳಿದಂತೆಯೇ ತಾನು ಸತ್ಯಕಾಮ ಜಾಬಾಲನೆಂದು ಸಂಕೋಚವಿಲ್ಲದೆ ಹೇಳಿದನು. ಆ ಸತ್ಯಕ್ಕಾಗಿಯೇ ಗುರುವು ಅವನನ್ನು ಸ್ವೀಕರಿಸಿದನು. ವ್ಯಾಕರಣಕ್ಕೆ ಮೂಲಪುರುಷನಾದ ಪಾಣಿನಿಗೂ ದಾಕ್ಷೀಪುತ್ರನೆಂಬ ಹೆಸರುಂಟು. ತಾಯಿಯ ಹೆಸರಿನಿಂದ ಗುರುತಿಸಿಕೊಳ್ಳುವುದು ನಮ್ಮಲ್ಲಿ ಅತಿ ಪ್ರಾಚೀನವಾದ ಗೌರವ. ಅದನ್ನು ಧಾರವಾಡದ ಕವಿಯು ಕನ್ನಡದಲ್ಲಿ ಮರಳಿ ಸ್ಥಾಪಿಸಿದನು.

ಹಾಗಾದರೆ ಮುಸುಕಿನ ಹೆಸರು ನಮ್ಮಲ್ಲಿ ಇಲ್ಲವೇ ಇಲ್ಲವೆ? ಇದೆ. ಮಡಿಕೇರಿಯಲ್ಲಿ ೧೯೧೨ರಲ್ಲಿ ಹುಟ್ಟಿ, ೧೯೩೯ರಲ್ಲಿ ಇಪ್ಪತ್ತೇಳು ವರ್ಷಗಳೊಳಗೇ ಕಣ್ಮರೆಯಾದ ಗೌರಮ್ಮನವರು ತಮ್ಮ ಕಥೆಗಳನ್ನು ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂಬ ಹೆಸರಿನಿಂದ ಪ್ರಕಟಿಸಿದರು. ಪತಿಯ ಹೆಸರು ಪೂರ್ತಿಯಾಗಿದೆ, ಆಕೆಯದು ಒಂದಕ್ಷರವೂ ಇಲ್ಲ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿಯೂ ಗಂಡನ ಹೆಸರಿತ್ತು. ಆದರೆ ಪ್ರಿಯ ಎಂಬ ಸಂಬಂಧವಾಚಕವು ಅವಳದಾಗಿತ್ತು. ಇಲ್ಲಿ ಬರೆದವಳನ್ನು ಹುಡುಕಬೇಕಾದರೆ ಮಿಸೆಸ್ ಎಂಬ ಪರಭಾಷೆಯ ಪದದೊಳಗೆ ಹುಡುಕಬೇಕು. ವಿಧವೆಯರ ಸಂಕಟವನ್ನೂ ಹೆಣ್ಣುಮಕ್ಕಳ ಪರಾಧೀನತೆಯನ್ನೂ ಬರೆದ ಲೇಖಕಿಗೆ ಆ ಕಾಲದ ಸಮಾಜದಲ್ಲಿ ಅಂತಹ ಮರೆಯು ಬೇಕಾಗಿದ್ದಿತೆಂಬುದು ಆಶ್ಚರ್ಯವಲ್ಲ, ಖೇದ. ಈಗ ಆಕೆಯು ಕೊಡಗಿನ ಗೌರಮ್ಮನೆಂದು ಪ್ರಸಿದ್ಧಳು. ಓದುಗರು ಸ್ವಂತ ಹೆಸರನ್ನೂ ತವರುನಾಡನ್ನೂ ಆಕೆಗೆ ಮರಳಿ ಕೊಟ್ಟಿರುವರು.

ಆದರೆ ಮುಸುಕಿನ ಬೆಲೆಯನ್ನು ಪೂರ್ಣವಾಗಿ ತೆತ್ತವನು ನಂದಳಿಕೆಯ ಲಕ್ಷ್ಮೀನಾರಣಪ್ಪ. ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ ೧೮೭೦ರಲ್ಲಿ ಬಡತನದ ಮನೆಯಲ್ಲಿ ಹುಟ್ಟಿದ ಅವನು ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದನು. ಹಗಲೆಲ್ಲ ಬಾಲಕರಿಗೆ ವ್ಯಾಯಾಮವನ್ನು ಕಲಿಸುತ್ತಿದ್ದ ಆ ಉಪಾಧ್ಯಾಯನ ಎದೆಯಲ್ಲಿ ಹಳಗನ್ನಡದ ಸರಸ್ವತಿಯು ನೆಲಸಿದ್ದಳು. ರತ್ನಾವತೀಕಲ್ಯಾಣ, ಕುಮಾರವಿಜಯ ಎಂಬ ಯಕ್ಷಗಾನ ಪ್ರಸಂಗಗಳನ್ನು ಅವನು ಬರೆದನು. ಆಮೇಲೆ ಅದ್ಭುತರಾಮಾಯಣ, ಶ್ರೀರಾಮಪಟ್ಟಾಭಿಷೇಕ, ರಾಮಾಶ್ವಮೇಧ ಎಂಬ ಕೃತಿಗಳನ್ನು ರಚಿಸಿ ಮೈಸೂರಿನ ಕಾವ್ಯಮಂಜರಿಗೆ ಕಳುಹಿಸಿದನು. ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಪ್ರಾಚೀನ ಕಾವ್ಯಗಳನ್ನು ಅಚ್ಚು ಮಾಡಿ ಉಳಿಸಬೇಕೆಂದು ಶ್ರಮಿಸುತ್ತಿದ್ದ ಕಾಲವದು. ಅಂತಹ ಸ್ಥಳದಲ್ಲಿ ಜೀವಂತನಾದ ಬಡ ಉಪಾಧ್ಯಾಯನೊಬ್ಬನ ಹಳಗನ್ನಡಕ್ಕೆ ಎಡೆಯೆಲ್ಲಿ? ಆದುದರಿಂದ ಅವನು ತನ್ನ ಕಾವ್ಯವು ತನ್ನದಲ್ಲವೆಂದನು. ಮುದ್ದಣನೆಂಬ ಹಿಂದಿನ ಕವಿಯದೆಂದನು. ಶ್ರೀರಾಮಪಟ್ಟಾಭಿಷೇಕಕ್ಕೆ ಮಹಾಲಕ್ಷ್ಮಿಯೆಂಬ ಹೆಸರನ್ನು ಹಾಕಿದನು.

ಪ್ರಾಚೀನ ಕವಿಯೆಂದು ಪಂಡಿತರು ನಂಬಿದ ಈ ಮುದ್ದಣನು ಯಾರು? ಮಗುವು ಮುದ್ದಾಗಿದ್ದುದರಿಂದ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಅದು. ಮಹಾಲಕ್ಷ್ಮಿಯು ಯಾರು? ಅವನ ತಾಯಿಯ ಹೆಸರು ಮಹಾಲಕ್ಷ್ಮಮ್ಮ. ಲೋಕದಿಂದ ಮರೆಯಾಗಬೇಕೆಂದು ಹೊರಟವನು ಅಡಗಿಕೊಳ್ಳುವುದಕ್ಕೆ ಹುಡುಕಿದ ಸ್ಥಳವು ತಾಯಿಯ ಮಡಿಲೇ ಆಯಿತು. ಬೇಂದ್ರೆಯವರು ಬಹಿರಂಗವಾಗಿ ಸಲ್ಲಿಸಿದ ಋಣವನ್ನು ಇವನು ಗುಪ್ತವಾಗಿ ಸಲ್ಲಿಸಿದನು. ರಾಮಾಶ್ವಮೇಧದಲ್ಲಿ ಕಥೆಯನ್ನು ಹೇಳುವ ಮುದ್ದಣನೂ ಕೇಳುವ ಮನೋರಮೆಯೂ ನಡೆಸುವ ಸರಸಸಲ್ಲಾಪವು ಕನ್ನಡಿಗರಿಗೆ ಪರಿಚಿತವೇ ಆಗಿದೆ. ಅವನ ಹೆಂಡತಿಯ ಹೆಸರು ಕಮಲೆ. ಹಳಗನ್ನಡದ ಗದ್ಯದಲ್ಲಿ ಹಬ್ಬಿಕೊಂಡಿರುವ ಆ ದಾಂಪತ್ಯದ ಮಾತುಗಳಲ್ಲಿ ಒಂದು ಹೊಸಕಾಲದ ಮನೆಯ ದನಿಯು ಕೇಳಿಬರುವುದು.

ಈ ಋಣಪತ್ರವನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. ಕ್ಷಯರೋಗದಿಂದ ಜರ್ಜರಿತನಾಗಿ ೧೯೦೧ರ ಫೆಬ್ರವರಿಯಲ್ಲಿ, ಮೂವತ್ತೊಂದು ವರ್ಷಗಳಷ್ಟೇ ತುಂಬಿದ್ದಾಗ, ಅವನು ತೀರಿಕೊಂಡನು. ಮುದ್ದಣನೇ ಲಕ್ಷ್ಮೀನಾರಣಪ್ಪನೆಂಬುದು ಲೋಕಕ್ಕೆ ತಿಳಿದುದು ಆಮೇಲೆ. ಪುಸ್ತಕವನ್ನು ಮೆಚ್ಚಿದವರು ಎಂದೋ ಗತಿಸಿದ ಕವಿಯನ್ನು ಹೊಗಳಿದರು. ಉಡುಪಿಯಲ್ಲಿ ಕೆಮ್ಮುತ್ತ ಮಲಗಿದ್ದ ಕವಿಗೆ ಆ ಮೆಚ್ಚಿಕೆಯಲ್ಲಿ ಒಂದು ಹಿಡಿ ಅನ್ನವಾಗಲಿ ಒಂದು ಒಳ್ಳೆಯ ಮಾತಾಗಲಿ ಸೇರಲಿಲ್ಲ. ದೋಷವು ಅವನದೆನ್ನುವವರು ಇರಬಹುದು. ಹಳೆಯದಾದರೆ ಮಾತ್ರ ಒಳ್ಳೆಯದೆಂದು ನಂಬುವ ಓದುಗರಿದ್ದ ಕಡೆ ಹೊಸಬನು ಹಳಬನ ವೇಷವನ್ನು ಹಾಕದೆ ಏನು ಮಾಡಬೇಕಾಗಿತ್ತು? ಹಳೆಯದೆಲ್ಲವೂ ಸಾಧುವಲ್ಲ, ಹೊಸದೆಂದು ಕಾವ್ಯವು ನಿಂದ್ಯವೂ ಅಲ್ಲ ಎಂದು ಕಾಳಿದಾಸನೇ ತನ್ನ ಮೊದಲ ನಾಟಕದ ಪ್ರಸ್ತಾವನೆಯಲ್ಲಿ ವಾದಿಸಬೇಕಾಗಿ ಬಂದಿತ್ತು. ಅಷ್ಟು ಶತಮಾನಗಳ ಮೇಲೆಯೂ ಆ ವಾದವನ್ನು ನಾವು ಕಲಿತಿರಲಿಲ್ಲ.

ಇದರಿಂದ ವಾಚಕರು ಗ್ರಹಿಸತಕ್ಕುದು ಇಷ್ಟು. ಹೆಸರಿನ ಮೂಲವನ್ನು ಅರಿಯುವುದು ಪಂಡಿತರ ವಿನೋದ ಮಾತ್ರವಲ್ಲ. ಅರಿಯದಿದ್ದರೆ ನಾಗಚಂದ್ರನ ಕಾವ್ಯವು ಪಂಪನಿಗೆ ಸೇರುವುದು. ಲಕ್ಷ್ಮೀನಾರಣಪ್ಪನಿಗೆ ಸಲ್ಲಬೇಕಾದ ಗೌರವವು ಇಲ್ಲದ ಪೂರ್ವಕವಿಗೆ ಸಲ್ಲುವುದು. ಗೌರಮ್ಮನ ಕಥೆಯು ಯಾರದೋ ಹೆಂಡತಿಯ ಕಥೆಯಾಗುವುದು. ನಮ್ಮ ಮಕ್ಕಳು ಕವಿಗಳ ಹೆಸರುಗಳನ್ನು ಎರಡು ಮೂರು ಅಕ್ಷರಗಳ ಸಂಕೇತವಾಗಿ ಪರೀಕ್ಷೆಗಾಗಿ ಉರುಹೊಡೆಯುವರು. ಆ ಅಕ್ಷರಗಳಲ್ಲಿ ಯಾವ ಊರಿದೆ, ಯಾವ ತಂದೆಯಿರುವನು, ಯಾವ ತಾಯಿಯಿರುವಳು ಎಂಬುದನ್ನು ಮನೆಯಲ್ಲಿ ಹಿರಿಯರು ಬಿಡಿಸಿ ಹೇಳಿದರೆ ಸಂಕೇತವು ಮನುಷ್ಯನಾಗುವುದು.

ಇನ್ನೊಂದು ಪ್ರಾರ್ಥನೆಯು ಮನೆಯ ಗೃಹಿಣಿಯರಲ್ಲಿ. ಅಜ್ಜಿಯರು ಬರೆದಿಟ್ಟ ಹಾಡಿನ ಪುಸ್ತಕಗಳು ಅನೇಕ ಮನೆಗಳ ಅಟ್ಟಗಳಲ್ಲಿ ಇಂದಿಗೂ ಉಂಟು. ಆರತಿಯ ಹಾಡು, ಹಸೆಯ ಹಾಡು, ಸಂಪ್ರದಾಯದ ಪದಗಳು ಅವುಗಳಲ್ಲಿ ತುಂಬಿರುವುವು. ಹಾಳೆಗಳು ಪುಡಿಯಾಗಿವೆಯೆಂದು ಅವುಗಳನ್ನು ಒಲೆಗೆ ಹಾಕುವ ಮೊದಲು ಪ್ರತಿಯೊಂದು ಹಾಡಿನ ಕೊನೆಯ ನುಡಿಯನ್ನು ದಯವಿಟ್ಟು ಓದಬೇಕು. ಅಲ್ಲಿ ಒಂದು ಊರಿನ ದೇವರ ಹೆಸರು ಇರಬಹುದು. ಪ್ರಸಿದ್ಧ ದಾಸರ ಅಂಕಿತವಲ್ಲದಿದ್ದರೆ ಆ ಹೆಸರನ್ನೂ, ಪುಸ್ತಕವನ್ನು ಬರೆದವರ ಹೆಸರನ್ನೂ, ಅವರ ತವರೂರನ್ನೂ ಒಂದು ಕಾಗದದಲ್ಲಿ ಬರೆದು ಪುಸ್ತಕದೊಡನೆ ಇಟ್ಟರೆ ಸಾಕು. ಆ ಅಂಕಿತದ ಹಿಂದೆ ಇನ್ನೊಬ್ಬ ಗಿರಿಯಮ್ಮ ಇದ್ದರೆ, ಮುಂದೆ ಹುಡುಕುವವರಿಗೆ ಆಕೆಯು ಸಿಕ್ಕುವಳು.